ಬೇಕಾದಷ್ಟೇ ಬೆಳಕು

ಕಳೆದ ತಿಂಗಳು ರಾಮದುರ್ಗದಿಂದ ಬೆಳಗಾವಿಗೆ ಹೊರಟವನು ಬೈಲಹೊಂಗಲದಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ನಿಲ್ದಾಣದ ಹೊರಗೆ ಗೋಬಿ ಮಂಚೂರಿಯ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಚುರ್ರೆಂದು ಎದ್ದ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ಉಳಿದವರಿಗೆ ಅದು ಗೋಬಿಯ ವಾಸನೆ, ನನಗೆ ಡಾರ್ಕ್ ರೂಮಿನದು. ಎಕ್ಸ್‌ರೇ ಫಿಲ್ಮುಗಳನ್ನು ಕತ್ತಲ ಕೋಣೆಯಲ್ಲಿ ಕೈಯಿಂದ ತೊಳೆಯುತ್ತಿದ್ದ ಕಾಲದಲ್ಲಿ ಫಿಕ್ಸರ್ ಎಂಬ ದ್ರಾವಣದ ತೊಟ್ಟಿಯಿಂದ ಏಳುತ್ತಿದ್ದದ್ದು ಇದೇ ವಾಸನೆ. ಅಂಗಿಗೆ ಹತ್ತುತ್ತಿತ್ತು, ಕೂದಲಿಗೆ ಹತ್ತುತ್ತಿತ್ತು, ಊಟದ ಡಬ್ಬಿಯನ್ನೂ ಬಿಡುತ್ತಿರಲಿಲ್ಲ. ಬೆಳಗಾವಿಯ ಬಸ್ಸು ಬಂದು ಹೋಯಿತು. ನಾನು ಹತ್ತದೆ ಪೇಟೆಯ ಕಡೆ ನಡೆದೆ. ಹುಸೇನಬಿ ಚಾಚಿ ಹೇಗಿದ್ದಾಳೆಂದು ನೋಡಬೇಕೆನಿಸಿತ್ತು.

ಹನ್ನೊಂದು ವರ್ಷದ ಹಿಂದೆ ನಾನು ಈ ಊರಿನ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವವನಾಗಿದ್ದೆ. ಆ ದವಾಖಾನೆ ಈಗಿಲ್ಲ, ಆ ಜಾಗದಲ್ಲಿ ಬಟ್ಟೆ ಅಂಗಡಿಯಿದೆ. ನಮ್ಮದು ಪೌರೋಹಿತ್ಯದ ಮನೆತನ. ಅಪ್ಪ ಪಂಚಾಂಗ ಬಗಲಲ್ಲಿಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿದವರು. ನನಗೆ ಮಂತ್ರ ನಾಲಿಗೆಗೆ ಹತ್ತಲಿಲ್ಲ, ಎಕ್ಸ್‌ರೇ ಡಿಪ್ಲೊಮಾ ಮಾಡಿಕೊಂಡೆ. "ಮಂತ್ರ ಬಿಟ್ಟು ಯಂತ್ರ ಹಿಡದಾನ" ಎಂದು ಸೋದರಮಾವ ಕಂಡವರಿಗೆಲ್ಲ ಹೇಳಿ ನಗುತ್ತಿದ್ದ. ದವಾಖಾನೆಯಲ್ಲಿ ಮಾತ್ರ ನಾನು ಆಚಾರ್ರು ಆಗಿಯೇ ಉಳಿದೆ, ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ. ಸಂಜೆ ಮನೆಗೆ ಹೋದರೆ ಅವ್ವ ಹಿತ್ತಲಲ್ಲೇ ಬಿಸಿನೀರು ಇಟ್ಟಿರುತ್ತಿದ್ದಳು. "ಆ ಬೆಳಕು ಮೈಗೆ ಅಂಟಿರ್ತದ, ಸ್ನಾನ ಮಾಡೇ ಒಳಗ ಬಾ" ಎನ್ನುವಳು. ಅವಳ ಲೆಕ್ಕದಲ್ಲಿ ಅದೂ ಒಂದು ಬಗೆಯ ಮೈಲಿಗೆ. ಹಾಗೆಲ್ಲ ಅಂಟುವುದಿಲ್ಲ ಎಂದು ನಾನು ಓದಿದ್ದೆ. ಆದರೆ ಬಿಸಿನೀರು ಯಾರಿಗೆ ಬೇಡ?

ಹುಸೇನಬಿ ಚಾಚಿ ಅಲ್ಲಿ ಆಯಾ. ಗಂಡ ಟೆಂಪೊ ಓಡಿಸುತ್ತಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಹೇಳುತ್ತಿರುವ ವರ್ಷಕ್ಕೆ ಅವಳು ದವಾಖಾನೆ ಸೇರಿ ಹದಿನೆಂಟು ತುಂಬಿತ್ತು. ಹೆಸರಿಗೆ ಆಯಾ, ನಿಜವಾದ ಕೆಲಸ ಕೂಸುಗಳನ್ನು ಹಿಡಿಯುವುದು. ಕೆಮ್ಮುವ ಕೂಸಿನ ಎದೆಯ ಎಕ್ಸ್‌ರೇ ತೆಗೆಯಬೇಕೆಂದರೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಾದರೂ ಅಲುಗಾಡದೆ ಇರಬೇಕು. ಎರಡು ವರ್ಷದ ಕೂಸಿಗೆ ಅದನ್ನು ಯಾರು ಹೇಳಬೇಕು? ತಾಯಂದಿರು ಹಿಡಿದರೆ ಕೂಸಿಗಿಂತ ಮೊದಲು ತಾವೇ ಅಳುತ್ತಿದ್ದರು. ಚಾಚಿ ಸೆರಗು ಸಿಕ್ಕಿಸಿ ಬಂದು, ಕೂಸಿನ ಎರಡೂ ತೋಳು ಮೇಲೆತ್ತಿ ಹಿಡಿದು, ಅದರ ಕಿವಿಯ ಹತ್ತಿರ ಬಾಯಿ ತಂದು, "ಗುಬ್ಬಿ ಬಂತು... ಗುಬ್ಬಿ ಬಂತು... ಗುಬ್ಬಿ ಕುಂತಿತು!" ಎನ್ನುವಳು. ಕುಂತಿತು ಎಂದೊಡನೆ ಕೂಸು ಉಸಿರು ಬಿಗಿಹಿಡಿದು ಗುಬ್ಬಿಯನ್ನು ಹುಡುಕುತ್ತಿತ್ತು. ನಾನು ಗುಂಡಿ ಒತ್ತಬೇಕಾದದ್ದು ಆಗಲೇ. "ಹಾರಿ ಹೋತು" ಎನ್ನುವಷ್ಟರಲ್ಲಿ ನಮ್ಮ ಕೆಲಸ ಮುಗಿದಿರುತ್ತಿತ್ತು. ನಮ್ಮಲ್ಲಿ ಫಿಲ್ಮು ಕೆಡುವುದೇ ಇಲ್ಲ ಎಂದು ಡಾಕ್ಟರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಹಳ್ಳಿಯಿಂದ ಬಂದವರು ಮೊದಲು ಕೇಳುತ್ತಿದ್ದದ್ದು, "ಹಿಡಿಯೋ ಚಾಚಿ ಅದಾರೇನ್ರಿ?" ಎಂದು.

ಹೀಗೆ ಹಿಡಿಯುವಾಗ ಹಾಕಿಕೊಳ್ಳಲು ಸೀಸದ ಏಪ್ರನ್ ಒಂದಿತ್ತು. ಹೊರಲಾರದ ಭಾರ. "ಅದನ್ನ ನೋಡಿದ್ರ ಕೂಸು ಹೆದರತಾವ್ರಿ, ನನ್ನ ಸೊಂಟಾನೂ ಹೆದರತೈತಿ" ಎಂದು ಚಾಚಿ ಅದನ್ನು ಮುಟ್ಟುತ್ತಿರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮಡಚಿ ಕಪಾಟಿನ ತಳಕ್ಕೆ ತುರುಕಿದ್ದೆ. ಮಡಚಿದರೆ ಒಳಗಿನ ಸೀಸ ಬಿರುಕು ಬಿಡುತ್ತದೆ ಎಂಬುದು ಗೊತ್ತಿದ್ದೂ ತುರುಕಿದ್ದೆ. ನಾನು ನಿಲ್ಲುತ್ತಿದ್ದದ್ದು ಗೋಡೆಯ ಮರೆಯಲ್ಲಿ, ಸೀಸದ ಗಾಜಿನ ಕಿಟಕಿಯ ಹಿಂದೆ. ಅಷ್ಟು ಸಾಲದೆಂದು ನನ್ನ ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬ್ಯಾಜ್ ಬೇರೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿದರೆ, ಹಾಕಿಕೊಂಡವನ ಮೈಮೇಲೆ ಎಷ್ಟು ವಿಕಿರಣ ಬಿದ್ದಿದೆ ಎಂದು ಅಳೆದು ಕಾಗದ ಕಳಿಸುತ್ತಾರೆ. ನನ್ನದು ಪ್ರತಿ ಸಲವೂ ಸೊನ್ನೆ. ಆ ಬ್ಯಾಜು ಅಳೆಯುತ್ತದೆಯೇ ಹೊರತು ಕಾಯುವುದಿಲ್ಲ. ಚಾಚಿ ಮಾತ್ರ ಅದನ್ನು ಮೈ ಕಾಯುವ ತಾಯಿತವೆಂದುಕೊಂಡು ತಾವೀಜ್ ಎನ್ನುತ್ತಿದ್ದಳು, ನಾನು ನಗುತ್ತಿದ್ದೆ. ಅವಳಿಗೆ ಬ್ಯಾಜ್ ಇರಲಿಲ್ಲ. ಆಯಾಗಳಿಗೆ ಬ್ಯಾಜ್ ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ ಜೂನಿನಲ್ಲಿ ಮಿರಗದ ಮಳೆ ಹೇಳಿ ಕಳಿಸಿದವರ ಹಾಗೆ ಸರಿಯಾದ ಹೊತ್ತಿಗೆ ಬಂತು. ಅದೇ ವಾರ ಕಿತ್ತೂರಿನಲ್ಲಿ ನಮ್ಮ ನಾಲ್ಕು ತಾಲೂಕುಗಳ ಎಕ್ಸ್‌ರೇದವರಿಗೆ ಒಂದು ಕಾರ್ಯಾಗಾರ ಇಟ್ಟಿದ್ದರು. ಕೆಲಸ ಮಾಡುವವರಿಗೂ ರೋಗಿಗಳಿಗೂ ವಿಕಿರಣ ಆದಷ್ಟು ಕಡಿಮೆ ತಾಗುವಂತೆ ನೋಡಿಕೊಳ್ಳುವುದು ಹೇಗೆ ಎಂಬುದು ವಿಷಯ. ನಾವು ಹೋದದ್ದು ವಿಷಯಕ್ಕಲ್ಲ. ಒಂದು ದಿನ ಫಿಕ್ಸರ್ ವಾಸನೆ ತಪ್ಪುತ್ತದೆ, ಒಂದು ಚೀಲ ಸಿಗುತ್ತದೆ, ಊಟಕ್ಕೆ ಹೋಳಿಗೆ ಇದೆಯಂತೆ, ಇಷ್ಟು ಸಾಕಿತ್ತು. ಬೆಳಿಗ್ಗೆ ಇಬ್ಬರು ತಜ್ಞರು ಇಂಗ್ಲಿಷಿನಲ್ಲಿ ಪರದೆಯ ಮೇಲೆ ಗೆರೆಗಳನ್ನು ಏರಿಸಿ ಇಳಿಸಿ ತೋರಿಸಿದರು. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಅರ್ಧ ಸಭೆ ನಿದ್ದೆ ಹೋಗಿತ್ತು.

ಊಟದ ಮೇಲೆ ಸುಮಂಗಲಾ ಮೇಡಂ ಬಂದರು. ದೊಡ್ಡ ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವವರು, ಐವತ್ತರ ಆಸುಪಾಸು, ನೂಲಿನ ಸೀರೆ. ಮೈಕನ್ನು ಪಕ್ಕಕ್ಕಿಟ್ಟರು.

"ಎದ್ದ ಕುಂಡ್ರರಿ. ನಮ್ಮೂರು ರಾಮದುರ್ಗ. ಇಂಗ್ಲಿಷ್ ಮುಗೀತು" ಎಂದರು. ಸಭೆ ಕಣ್ಣು ಬಿಟ್ಟಿತು. "ಮನ್ಯಾಗ ರೊಟ್ಟಿ ಬಡಿಯೋವಾಗ ಒಲಿ ಕಾವು ತಾಕಬಾರದಂದ್ರ ಏನ ಮಾಡ್ತೀರಿ?"

ಹಿಂದಿನಿಂದ ಯಾರೋ, "ಬ್ಯಾರೇದವರ ಕಡಿಂದ ಬಡಸ್ತೇವ್ರಿ!" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೇಡಂ ನಗಲಿಲ್ಲ. "ನೀವು ಅದನ್ನ ಮಾಡಾಕತ್ತೀರಿ ಅಂತ ಗೊತ್ತಾಗೇ ನಾ ಇಲ್ಲಿಗೆ ಬಂದೇನಿ" ಎಂದರು. "ಒಲಿ ಮುಂದ ಕಡಿಮಿ ಹೊತ್ತ ಕುಂಡ್ರಬೇಕು. ಆಗದಿದ್ರ ದೂರ ಸರೀಬೇಕು. ಅದೂ ಆಗದಿದ್ರ ನಡುವ ಏನರ ಅಡ್ಡ ಇಡಬೇಕು. ನಮ್ಮ ಕೆಲಸದಾಗೂ ಇಷ್ಟ. ಒಂದ ಫರಕು. ಒಲಿ ಆರಿಸಿದ ಮ್ಯಾಲೂ ಕಾವು ಉಳೀತೈತಿ, ಇದು ಗುಂಡಿ ಬಿಟ್ಟಕೂಡಲೇ ಹೋತು. ಮೈಗೆ ಅಂಟೂದಿಲ್ಲ, ಗ್ವಾಡಿಗೆ ಅಂಟೂದಿಲ್ಲ. ಸಂಜಿಮುಂದ ಮನಿಗೆ ಹೋಗಿ ಜಳಕಾ ಮಾಡಿದ್ರ ಹೋಗೂವಂಥಾದ್ದಲ್ಲ."

ನನಗೆ ಅವ್ವನ ಬಿಸಿನೀರು ನೆನಪಾಗಿ ತಲೆ ಕೆಳಗೆ ಹಾಕಿದೆ. ಮೇಡಂ ಮುಂದುವರಿಸಿದರು. "ಪೇಷಂಟಿಗೂ ಅಷ್ಟ. ಒಂದು ಫೋಟೋದಾಗ ಆಗೂ ಕೆಲಸಕ್ಕ ಎರಡು ಹೊಡೀಬ್ಯಾಡ್ರಿ. ಇನ್ನ ಕೂಸು. ಕೂಸು ಹಿಡಿಯೋರು ದಿನಾ ಅವರ ಇರಬಾರದು. ಅದರ ಅವ್ವನೋ ಅಪ್ಪನೋ ಏಪ್ರನ್ ಹಾಕ್ಕೊಂಡು ಹಿಡೀಲಿ. ಅವರು ಜೀವಮಾನದಾಗ ಒಮ್ಮೆಯೋ ಎರಡ ಸಲವೋ ಹಿಡೀತಾರ. ನಿಮ್ಮ ಆಯಾ ದಿನಾ ಹಿಡೀತಾಳ." ಆಮೇಲೆ ಅವರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ.

ಹೊರಡುವಾಗ ಮೇಡಂ ಎಲ್ಲರಿಗೂ ಒಂದು ಕೆಲಸ ಹಚ್ಚಿದರು. ಅವತ್ತು ಹೇಳಿದ್ದರ ಸಾರವನ್ನು ನಮ್ಮ ಮಾತಿನಲ್ಲಿ ಒಂದೇ ಸಾಲು ಮಾಡಿ ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆ ಬರೆಯಬೇಕು. ಪುರೋಹಿತರ ಮಗನಿಗೆ ಒಂದು ಸಾಲು ಏನು ದೊಡ್ಡದು? ಮರುದಿನವೇ ಕೆಂಪು ಬಣ್ಣ ತಂದು ದುಂಡಗೆ ಬರೆದೆ: "ಇಲ್ಲಿ ಬೆಳಕು ಬೇಕಾದಷ್ಟು." ಎಷ್ಟು ಬೇಕೋ ಅಷ್ಟು ಎಂಬುದು ನನ್ನ ಅರ್ಥ.

ಮೊದಲು ಓದಿದವರು ಚಚಡಿಯಿಂದ ಮೊಣಕೈ ಉಳುಕಿಸಿಕೊಂಡು ಬಂದಿದ್ದ ಒಬ್ಬ ಹಿರಿಯರು. ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಖವರಳಿಸಿದರು. "ಬೇಕಾದಷ್ಟ ಐತೇನ್ರಿ? ಹಂಗಾರ ಮಣಕಾಲಿಂದೂ ಹೊಡೀರಿ, ಬೆನ್ನಿಂದೂ ಒಂದು ಹೊಡೀರಿ. ಇಷ್ಟು ದೂರಿಂದ ಬಂದೇನಿ." ಒಂದೇ ಮೊಣಕೈಗೆ ಅವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಡಾಕ್ಟರು ಬಾಗಿಲ ಮುಂದೆ ನಿಂತು, "ಏನ್ರಿ ಆಚಾರ್ರ, ಮದವಿ ಊಟದ ಬೋರ್ಡ್ ಬರದೀರಲ್ಲ" ಎಂದು ನಕ್ಕರು. ಕೊಂಬು ಅಳಿಸಿ ಏತ್ವ ದೀರ್ಘ ಕೊಟ್ಟು "ಬೇಕಾದಷ್ಟೇ" ಮಾಡಿದೆ. ಅಳಿಸಿದ ಕಡೆ ಕೆಂಪು ಕಲೆ ಹಾಗೆಯೇ ಉಳಿಯಿತು. ಓದಲು ಬಾರದ ಚಾಚಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ತಿದ್ದಿದ್ದು ಒಂದ ಅಕ್ಷರ, ಅರ್ಧಾ ದಿನಾ ತಗೊಂಡ್ರಿ" ಎಂದಳು.

ಅವತ್ತೇ ಅವಳಿಗೆ ಮೇಡಂ ಹೇಳಿದ ಮಾತನ್ನು ಹೇಳಿದೆ. ಇನ್ನು ಮೇಲೆ ಕೂಸುಗಳನ್ನು ತಾಯಂದಿರೇ ಹಿಡಿಯಲಿ, ದಿನವೂ ನೀವೇ ಹಿಡಿಯುವುದು ಒಳ್ಳೆಯದಲ್ಲ ಎಂದೆ. ಚಾಚಿಯ ಮುಖ ಗಂಟಿಕ್ಕಿತು.

"ಹದಿನೆಂಟ ವರ್ಷ ಹಿಡದೇನಿ, ಈಗ ಬ್ಯಾಡಾದೆನೇನು? ತಾಯಂದ್ರು ಹಿಡದು ಫೋಟೋ ಕೆಟ್ರ ಯಾರನ್ನ ಬೈತೀರಿ?" ಆಮೇಲೆ ನನ್ನ ಎದೆಯ ಕಡೆ ಬೆರಳು ತೋರಿಸಿದಳು. "ಅಷ್ಟ ಹೆದರಿಕಿ ಇದ್ರ ನನಗೂ ನಿಮ್ಮಂಥಾ ತಾವೀಜ್ ಕೊಡಸ್ರಿ. ಹಾಕ್ಕೊಂಡ ಹಿಡೀತೇನಿ."

ಡಾಕ್ಟರನ್ನು ಕೇಳಿದೆ. "ನೋಡೂಣು" ಎಂದರು. ನಮ್ಮ ಕಡೆ ನೋಡೂಣು ಎಂದರೆ ಇಲ್ಲ ಎಂದೇ ಅರ್ಥ. ಜುಲೈ ಮೊದಲ ದಿನ ನನ್ನ ಹೊಸ ಬ್ಯಾಜ್ ಬಂತು. ಅದನ್ನು ತೆಗೆದು ಚಾಚಿಯ ಸೆರಗಿಗೆ ಸಿಕ್ಕಿಸಿದೆ. "ತಗೋರಿ ಚಾಚಿ, ಇನ್ನ ಆತಲ್ಲ?" ಎಂದೆ. ಅದು ಕಾಯುವುದಿಲ್ಲ, ಬರೀ ಅಳೆಯುತ್ತದೆ ಎಂದು ಹೇಳಲಿಲ್ಲ. ತಮಾಷೆಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ತಮಾಷೆಯಲ್ಲ. ಅವಳು ಹಿಡಿಯುವುದನ್ನು ಬಿಟ್ಟರೆ ನನ್ನ ಫಿಲ್ಮುಗಳು ಕೆಡುತ್ತಿದ್ದವು. ನನ್ನ ಹೆಸರು ಉಳಿಯಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ.

ಆಷಾಢದ ಗಾಳಿ ಮುಗಿದು ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಎರಿ ಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆಗೊಂದು ಸೇರು ಭಾರವಾಗುವ ದಿನಗಳು. ಹೆಸರುಕಾಯಿ ಬಿಡಿಸುವ ಹೊತ್ತಿಗೆ ಸರಿಯಾಗಿ ಮಳೆ ಬಂದರೆ ಹೊಲದವರ ಮುಖ ಬಾಡುತ್ತದೆ, ದವಾಖಾನೆಯ ಬೆಂಚುಗಳು ತುಂಬುತ್ತವೆ. ಆ ವರ್ಷ ಮಕ್ಕಳ ಕೆಮ್ಮು ಊರೂರಿಗೂ ಹಬ್ಬಿತ್ತು. ತೊಳೆದ ಫಿಲ್ಮುಗಳನ್ನು ತಂತಿಗೆ ನೇತು ಹಾಕಿದರೆ ದಿನವಿಡೀ ಆರುತ್ತಿರಲಿಲ್ಲ. ಒದ್ದೆ ಫಿಲ್ಮನ್ನೇ ಕಿಟಕಿಗೆ ಹಿಡಿದು ಡಾಕ್ಟರು ಔಷಧಿ ಬರೆಯುತ್ತಿದ್ದರು. ಚಾಚಿಗೆ ಕೂತು ಚಹಾ ಕುಡಿಯಲೂ ಪುರುಸೊತ್ತಿಲ್ಲ. ತಾವೀಜ್ ಬಂದ ಮೇಲೆ ಅವಳ ಧೈರ್ಯ ಹೆಚ್ಚಿತ್ತು. ಮೊದಲು ಕೂಸಿನ ಬದಿಗೆ ನಿಂತು ಹಿಡಿಯುತ್ತಿದ್ದವಳು ಈಗ ಎದೆಗವಚಿಕೊಂಡೇ ಹಿಡಿಯತೊಡಗಿದಳು. ನಾನು ಗಾಜಿನ ಹಿಂದಿನಿಂದ ನೋಡುತ್ತ ಗುಂಡಿ ಒತ್ತಿದೆ. ಒಂದು ದಿನವಲ್ಲ, ಮೂರು ತಿಂಗಳು. ಅಕ್ಟೋಬರಿನಲ್ಲಿ ಹಳೆಯ ಬ್ಯಾಜನ್ನು ಕಳಿಸಿ, ಹೊಸದನ್ನೂ ಅವಳಿಗೇ ಸಿಕ್ಕಿಸಿದೆ. ರೂಢಿಯಾಗಿಬಿಟ್ಟಿತ್ತು.

ಕಾರ್ತಿಕದಲ್ಲಿ ಕಾಗದ ಬಂತು. ನನ್ನ ಹೆಸರಿನ ಮುಂದೆ ಎಂದಿನ ಸೊನ್ನೆ ಇರಲಿಲ್ಲ, ಒಂದು ಅಂಕಿ ಇತ್ತು. ಇಷ್ಟು ಹೇಗಾಯಿತು, ಕಾರಣ ತಿಳಿಸಿ ಎಂದು ಕೇಳಿದ್ದರು. ಆ ಅಂಕಿ ನನ್ನದಲ್ಲ. ಚಾಚಿಯ ಮೈಮೇಲೆ ಬಿದ್ದದ್ದು ಮೊದಲ ಸಲ ಅಂಕಿಯಾಗಿ ಕಾಗದದ ಮೇಲೆ ಬಂದಿತ್ತು, ಅದೂ ನನ್ನ ಹೆಸರಿನಲ್ಲಿ. ಅವತ್ತೇ ಬ್ಯಾಜನ್ನು ಅವಳಿಂದ ಇಸಿದುಕೊಂಡೆ, ಏನೋ ನೆವ ಹೇಳಿದೆ. ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ತಂಟೆ ಬೇಡದವರು.

"ರೂಮಿನಾಗ ಮರತ ಬಿಟ್ಟ ಹೋಗಿದ್ದೆ ಅಂತ ಬರದ ಕೊಡ್ರಿ. ಎಲ್ಲಾರೂ ಹಂಗ ಬರೀತಾರ" ಎಂದರು. ಆಮೇಲೆ ದನಿ ತಗ್ಗಿಸಿದರು. "ಆಕಿ ಹೆಸರ ಬರದ್ರಿ ಅಂದ್ರ ಆಕೀನ್ನ ಆ ಖೋಲ್ಯಾಗ ಬಿಡಾಕ ಬರೂದಿಲ್ಲ. ಕಸಾ ಹೊಡ್ಯಾಕ ಹಾಕಬೇಕಾಗ್ತದ. ಆಕಿಗೆ ಅದು ತಡಕೊಳ್ಳೂವಂಥಾದ್ದೇನು? ನೋಡ್ರಿ."

ಅವರು ಹೇಳಿದಂತೆಯೇ ಬರೆದು ಸಹಿ ಮಾಡಿ ಜೇಬಿನಲ್ಲಿಟ್ಟುಕೊಂಡೆ. ಮುಂದಿನ ವಾರ ಸವದತ್ತಿಯಲ್ಲಿ ಎರಡನೆಯ ಕಾರ್ಯಾಗಾರವಿತ್ತು. ನಮ್ಮ ಕಡೆಯ ಬ್ಯಾಜುಗಳ ವರದಿ ನೋಡುತ್ತಿದ್ದವರು ಸುಮಂಗಲಾ ಮೇಡಂ, ಉತ್ತರವನ್ನು ಅಲ್ಲಿಯೇ ಅವರ ಕೈಗೆ ಕೊಡಬೇಕಿತ್ತು.

ಸವದತ್ತಿಯ ದಾರಿಯಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬೆಳೆದು ನಿಂತಿತ್ತು. ದೇವಿಯ ಗುಡ್ಡಕ್ಕೆ ಹೊರಟವರ ಟ್ರ್ಯಾಕ್ಟರುಗಳು, ಹಣೆತುಂಬ ಭಂಡಾರ ಹಚ್ಚಿಕೊಂಡ ಹೆಂಗಸರು. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಉಗರಗೋಳದ ಬಳೆ ವ್ಯಾಪಾರಿಯೊಬ್ಬರು ಬಳೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಅವಚಿ ಹಿಡಿಯುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡಿದೆ.

ಕಾರ್ಯಾಗಾರದಲ್ಲಿ ಮೇಡಂ ಹೆಸರು ಹೇಳದೆ ಒಂದು ಪ್ರಶ್ನೆ ಇಟ್ಟರು. "ಒಂದು ಬ್ಯಾಜ್. ವರ್ಷಾನಗಟ್ಲೆ ಸೊನ್ನಿ, ಒಮ್ಮಿಂದೊಮ್ಮೆ ಮ್ಯಾಲ ಹೋಗೇತಿ. ಏನಾಗಿರಬೇಕು?"

"ರೂಮಿನಾಗ ಮರತಿರಬೇಕ್ರಿ!" ನಾಲ್ಕೂ ತಾಲೂಕು ಒಕ್ಕೊರಲಿನಿಂದ ಹೇಳಿತು.

"ಹದಿನೈದ ವರ್ಷಾತು, ಇದೊಂದ ಕಾರಣ ಕೇಳಕೋಂತ ಬಂದೇನಿ" ಎಂದರು ಮೇಡಂ. "ಎಷ್ಟ ಮರವು ನಿಮಗ! ಉಣ್ಣೂದ ಮಾತ್ರ ಯಾರೂ ಮರೆಯೂದಿಲ್ಲ." ಎಲ್ಲರೂ ನಕ್ಕರು. ನನ್ನ ಜೇಬಿನಲ್ಲಿದ್ದ ಕಾಗದ ಬೆವರಿಗೆ ಒದ್ದೆಯಾಗಿತ್ತು.

ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ನಾನು ರೊಟ್ಟಿ ಮುರಿದು ಮುರಿದು ಎಲೆಯ ಬದಿಗಿಟ್ಟೆ. ಆ ಕಾಗದ ಕೊಟ್ಟರೆ ನನಗೆ ಏನೂ ಆಗುವುದಿಲ್ಲ, ಚಾಚಿಯ ಮರ್ಯಾದೆಯೂ ಉಳಿಯುತ್ತದೆ. ನಾಳೆಯಿಂದ ಅವಳು ಮತ್ತೆ ಕೂಸನ್ನು ಎದೆಗವಚಿ ನಿಲ್ಲುತ್ತಾಳೆ, ನಾನು ಮತ್ತೆ ಗಾಜಿನ ಹಿಂದೆ ನಿಲ್ಲುತ್ತೇನೆ. ನಿಜ ಹೇಳಿದರೆ ಹದಿನೆಂಟು ವರ್ಷದ ಅವಳ ಜಾಗವನ್ನು ನಾನೇ ಕಿತ್ತುಕೊಂಡಂತೆ. ಮೇಡಂ ಕೈತೊಳೆಯಲು ನಲ್ಲಿಯ ಹತ್ತಿರ ಹೋದರು. ನಾನೂ ಎದ್ದು ಹೋದೆ.

"ಮೇಡಂ, ಆ ಬ್ಯಾಜ್ ನಂದು. ಆದರ ಅಂಕಿ ನಂದಲ್ಲ" ಎಂದೆ.

"ಎರಡರಾಗ ಒಂದ ಹೇಳ್ರಿ."

ಹೇಳಿದೆ. ತಾವೀಜ್ ಎಂದದ್ದು, ಸೆರಗಿಗೆ ಸಿಕ್ಕಿಸಿದ್ದು, ನಾಲ್ಕು ತಿಂಗಳು ಬಾಯಿ ಬಿಡದೆ ಇದ್ದದ್ದು, ಏನೂ ಮುಚ್ಚಿಡಲಿಲ್ಲ. ಅವರು ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಂತು ಕೇಳಿದರು. ದಿನಕ್ಕೆ ಎಷ್ಟು ಕೂಸು, ಚಾಚಿ ಎಲ್ಲಿ ನಿಲ್ಲುತ್ತಾಳೆ, ಹೇಗೆ ಹಿಡಿಯುತ್ತಾಳೆ ಎಂದೆಲ್ಲ ವಿಚಾರಿಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಇದರಿಂದ ಈಗ ಆಕಿಗೆ ಏನೋ ಆಗಿಬಿಟ್ಟೈತಿ ಅಂತ ತಿಳೀಬ್ಯಾಡ್ರಿ, ಆಕಿಗೂ ಹೆದರಸಬ್ಯಾಡ್ರಿ" ಎಂದರು ಕೊನೆಗೆ. "ಆದರ ಆಕಿ ಇದನ್ನ ತಗೋಬೇಕಾಗಿದ್ದಿಲ್ಲ. ಒಂದ ಕಾಳಷ್ಟೂ ಬೇಕಾಗಿದ್ದಿಲ್ಲ."

"ಇದನ್ನ ಆಕಿ ಹೆಸರಿಗೆ ಬರಕೋತಾರೇನ್ರಿ?"

"ಆಕಿ ಹೆಸರ ಪಟ್ಟಿಯೊಳಗ ಇಲ್ಲಲ್ಲ. ನಿಮ್ಮ ಹೆಸರಿಂದ ತಗೀತಾರ, ಅಷ್ಟ."

ಹದಿನೆಂಟು ವರ್ಷದಲ್ಲಿ ಅಳೆದದ್ದು ಮೂರೇ ತಿಂಗಳು, ಅದನ್ನು ಬರೆಯಲಿಕ್ಕೂ ಹೆಸರಿರಲಿಲ್ಲ. ನನಗೆ ಅಳು ಬಂತು, ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ. ಕಾರ್ಯಾಗಾರದ ಚೀಲದಲ್ಲಿ ಕೊಟ್ಟಿದ್ದ ಪುಸ್ತಕದ ಹಾಳೆ ಹರಿದು ನಡೆದದ್ದನ್ನು ನಡೆದಂತೆ ಬರೆದು ಕೊಟ್ಟೆ. ಜೇಬಿನದನ್ನು ಉಂಡೆ ಮಾಡಿ ಉಂಡ ಎಲೆಗಳ ಬುಟ್ಟಿಗೆ ಹಾಕಿದೆ.

ಡಾಕ್ಟರು ಹೇಳಿದಂತೆಯೇ ಆಯಿತು. ಚಾಚಿಯನ್ನು ಎಕ್ಸ್‌ರೇ ಕೋಣೆಯಿಂದ ತೆಗೆದು ಕಸಬರಿಗೆ ಕೊಟ್ಟರು. ಕಾರಣವನ್ನು ನಾನೇ ಹೇಳಬೇಕಾಯಿತು. ಅವಳು ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದಳು. ವಿಕಿರಣದ ಮಾತಿಗೆ ಅವಳು ಹೆದರಲಿಲ್ಲ, ಕೆಲಸ ಹೋದದ್ದಕ್ಕೂ ಕೂಗಾಡಲಿಲ್ಲ.

"ತಾವೀಜ್ ಸುಳ್ಳಂತ ನಿಮಗ ಗೊತ್ತಿತ್ತು?" ಎಂದಳು.

"ಗೊತ್ತಿತ್ತು ಚಾಚಿ."

"ಮತ್ತ ನಾಕ ತಿಂಗಳ ಹೇಳಲಿಲ್ಲ."

"ತಪ್ಪಾತು ಚಾಚಿ" ಎಂದೆ. ಅವಳು ಎದ್ದು ಸೆರಗು ಕೊಡವಿ ಕಸಬರಿಗೆ ತೆಗೆದುಕೊಂಡು ಹೋದಳು. ಎಂಟು ದಿನ ನನ್ನ ಜೊತೆ ಮಾತಿಲ್ಲ. ನಾನು ಬರುವುದು ಕಂಡರೆ ಆ ಕಡೆಯ ಕಸ ಬಿಟ್ಟು ಈ ಕಡೆ ಹೊಡೆಯುತ್ತಿದ್ದಳು.

ಆ ಎಂಟು ದಿನ ನನ್ನ ಪಾಡು ನಾಯಿಪಾಡು. ತಾಯಂದಿರಿಗೆ ಏಪ್ರನ್ ಹೊದಿಸಿ ನಿಲ್ಲಿಸಿದರೆ ಅವರೂ ಅತ್ತರು, ಕೂಸೂ ಅತ್ತಿತು. ಫಿಲ್ಮು ಕೆಟ್ಟಿತು. ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮತ್ತೊಂದು. ಚಾಚಿಯನ್ನು ಉಳಿಸಲು ಹೋಗಿ ಕೂಸುಗಳಿಗೆ ಎರಡೆರಡು ಸಲ ಬೆಳಕು ಹಾಯಿಸುತ್ತಿದ್ದೆ. ಬಾಗಿಲ ಮೇಲೆ ನಾನೇ ತಿದ್ದಿ ಬರೆದ "ಬೇಕಾದಷ್ಟೇ" ನನ್ನನ್ನೇ ನೋಡಿ ಹಲ್ಲು ಕಿಸಿಯುತ್ತಿತ್ತು.

ಒಂಬತ್ತನೆಯ ದಿನ ಸುಮಂಗಲಾ ಮೇಡಂ ತಾವೇ ಬಂದರು. ಬಿರುಕುಬಿಟ್ಟ ಏಪ್ರನ್ನು ಕಂಡು ಡಾಕ್ಟರಿಗೆ ಹೊಸದು ತರಿಸಲು ಹೇಳಿದರು. ತಾವು ತಂದಿದ್ದ ಏಪ್ರನ್ನನ್ನು ಅಲ್ಲಿಯವರೆಗೆ ಬಿಟ್ಟರು. ನಾನು ಒಂದು ಕೂಸಿನ ಜೊತೆ ಗುದ್ದಾಡುವುದನ್ನು ನೋಡುತ್ತ ನಿಂತರು. ಆಮೇಲೆ ಹೊರಗೆ ಹೋಗಿ ಕಸ ಹೊಡೆಯುತ್ತಿದ್ದ ಚಾಚಿಯ ಪಕ್ಕ ಮೆಟ್ಟಿಲ ಮೇಲೆಯೇ ಕೂತರು.

"ನೀವು ಕೂಸು ಹೆಂಗ ಹಿಡೀತಿದ್ರಿ, ಚಾಚಿ?"

"ಹಿಡಿಯೂದೇನ ಬಂತ್ರಿ, ಗುಬ್ಬಿ ತೋರಸ್ತಿದ್ದೆ."

"ಹೆಂಗ? ನನಗೂ ತೋರಸ್ರಿ."

ಚಾಚಿ ಮೊದಲು ನಾಚಿದಳು, ಆಮೇಲೆ ಹೇಳಿದಳು. ಗುಬ್ಬಿ ಬಂತು, ಗುಬ್ಬಿ ಕುಂತಿತು. ಮೇಡಂ ಎದ್ದು ನಿಂತರು. "ಆಚಾರ್ರ, ಕೂಸಿಗೆ ಬೇಕಾಗಿದ್ದು ಇವರ ಕೈ ಅಲ್ಲರೀ, ಇವರ ದನಿ. ದನಿ ಗಾಜಿನ ಹಿಂದಿಂದನೂ ಕೇಳತೈತಿ."

ಒಳಗೆ ಉಗರಗೋಳದ ಒಬ್ಬ ತಾಯಿ ಅಳುವ ಕೂಸನ್ನು ಹಿಡಿದು ನಿಂತಿದ್ದಳು. ಏಪ್ರನ್ ಹೊದಿಸಿದೆವು. ಚಾಚಿ ಮೊದಲ ಸಲ ಗೋಡೆಯ ಮರೆಗೆ ನನ್ನ ಪಕ್ಕ ಬಂದು ನಿಂತಳು. ಹದಿನೆಂಟು ವರ್ಷ ಇದ್ದರೂ ಆ ಕೋಣೆಯನ್ನು ಅವಳು ಅಲ್ಲಿಂದ ನೋಡಿರಲೇ ಇಲ್ಲ. ಮೇಡಂ ನಮ್ಮ ಹಿಂದೆ. ಚಾಚಿ ಗಂಟಲು ಸರಿಮಾಡಿಕೊಂಡು, "ಗುಬ್ಬಿ ಬಂತು..." ಎಂದಳು. ಕೂಸಿನ ಅಳು ಅರ್ಧಕ್ಕೆ ನಿಂತಿತು. "ಗುಬ್ಬಿ ಬಂತು..." ಅದು ಕಣ್ಣರಳಿಸಿತು, ತಾಯಿಯೂ ಕಣ್ಣರಳಿಸಿದಳು. "ಗುಬ್ಬಿ ಕುಂತಿತು!" ನಾನು ಗುಂಡಿ ಒತ್ತಿದೆ. ಫಿಲ್ಮು ತೊಳೆದು ತಂದಾಗ ಒಂದು ಎಲುಬೂ ಅಲುಗಿರಲಿಲ್ಲ. ಚಾಚಿ ನನ್ನ ಕಡೆ ನೋಡದೆಯೇ, "ಆತಲ್ರಿ ಆಚಾರ್ರ" ಎಂದಳು. ಎಂಟು ದಿನದ ಮೇಲೆ ಬಂದ ಮೊದಲ ಮಾತು ಅದು.

ಸಂಕ್ರಾಂತಿಯ ಹೊತ್ತಿಗೆ ಅವಳ ಹೆಸರಿನದೇ ಬ್ಯಾಜ್ ಬಂತು. ಬೇಸಿಗೆಯಲ್ಲಿ ಮೊದಲ ವರದಿ ಬಂತು. ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಹುಸೇನಬಿ ಎಂದು ಅಚ್ಚಾಗಿತ್ತು. ಓಡಿಹೋಗಿ ತೋರಿಸಿದೆ. ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು, "ಮುಂದ ಏನ ಬರದೈತಿ?" ಎಂದಳು.

"ಸೊನ್ನಿ."

ಅವಳ ಮುಖ ಇಳಿದುಹೋಯಿತು. "ಮೂರ ತಿಂಗಳ ಗಂಟಲಾ ಹರಕೊಂಡೇನಿ, ಸೊನ್ನಿ ಕೊಟ್ಟಾರ? ಮಮ್ಮಗಳು ಸಾಲ್ಯಾಗ ಸೊನ್ನಿ ತಂದ್ರ ನಾವು ಬೈತೇವ್ರಿ."

"ಚಾಚಿ, ಈ ಪರೀಕ್ಷಾದಾಗ ಸೊನ್ನಿ ಬಂದೋರ ಫಸ್ಟ್ ಕ್ಲಾಸ್" ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಪೂರ್ತಿ ನಂಬಿದಳೋ ಇಲ್ಲವೋ. ಆ ಕಾಗದದ ಒಂದು ಝೆರಾಕ್ಸ್ ಮಾತ್ರ ಕೇಳಿ ಇಸಿದುಕೊಂಡಳು. ಅದೇ ಮಳೆಗಾಲದಲ್ಲಿ ನನಗೆ ರಾಮದುರ್ಗದಲ್ಲಿ ಕೆಲಸ ಸಿಕ್ಕಿತು. ಬೈಲಹೊಂಗಲ ಬಿಟ್ಟೆ.

ಕಳೆದ ತಿಂಗಳು ಬಸ್ಸು ಬಿಟ್ಟು ನಡೆದವನು ಅವಳ ಓಣಿಯಲ್ಲಿ ಎರಡು ಕಡೆ ಕೇಳಿ ಮನೆ ಹುಡುಕಿದೆ. ಚಾಚಿ ಹೊಸ್ತಿಲ ಹತ್ತಿರ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರ್ರೀ? ಅಯ್ಯ, ನನಗ ಸೊನ್ನಿ ಕೊಡಿಸಿದ ಆಚಾರ್ರು!" ಎಂದು ದೊಡ್ಡ ದನಿಯಲ್ಲಿ ನಕ್ಕಳು. ಆ ದನಿ ಹಾಗೆಯೇ ಇತ್ತು. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಅಷ್ಟೇ ಎಂದಳು. ನನಗೆ ಜೀವ ಬಂದ ಹಾಗಾಯಿತು. ಮೊಮ್ಮಗಳು ಚಹಾ ತಂದಿಟ್ಟು ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ರೇಷನ್ ಕಾರ್ಡಿನ ಜೊತೆ, ನಾಲ್ಕು ಮಡಿಕೆಯಲ್ಲಿ, ಆ ಝೆರಾಕ್ಸ್.

"ಈಕಿ ಓದಿ ಹೇಳ್ಯಾಳ" ಎಂದಳು ಚಾಚಿ. "ಇದರಾಗ ಮೂರ ತಿಂಗಳದ್ದ ಐತಿ. ಆಮ್ಯಾಲಿಂದೂ ಎಲ್ಲಾ ಸೊನ್ನೀನ ಬಂತು. ಅದರ ಹಿಂದಿಂದು ಎಲ್ಲೈತ್ರಿ? ಹದಿನೆಂಟ ವರ್ಷದ್ದು?"

"ಅದನ್ನ ಯಾರೂ ಬರದಿಲ್ಲ ಚಾಚಿ."

ಅವಳು ಸೊಪ್ಪಿನ ಒಂದು ಕಡ್ಡಿ ಮುರಿದು ಪಕ್ಕಕ್ಕಿಟ್ಟಳು. "ಬರದಿಲ್ಲಂದ್ರ ಅದೂ ಸೊನ್ನೀನ ಆತಲ್ರಿ. ಬಿಡ್ರಿ."

ಹೌದೆಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಅವಳು ನನಗೆ ಅಷ್ಟು ಸುಲಭ ಮಾಡಿಕೊಟ್ಟಿದ್ದಳು. ಆದರೆ ಅವಳ ಮುಂದೆ ಒಮ್ಮೆ ಸುಮ್ಮನಿದ್ದವನು ನಾನು.

"ಸೊನ್ನಿ ಅಲ್ಲ, ಚಾಚಿ" ಎಂದೆ.

ಚಾಚಿ ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. "ಗೊತ್ತೈತ್ರಿ" ಎಂದಳು. "ಹಿಡದಾಕಿ ನಾನ ಅಲ್ಲೇನು? ಚಾ ಆರತೈತಿ, ಕುಡೀರಿ."